ದೂರದ ದಿಲ್ಲಿ, ಹತ್ತಿರದ ಧಣಿ: 1347ರ ದಖ್ಖನ್ ಬಂಡಾಯವನ್ನು ಕೆಳಗಿನಿಂದ ಓದುವುದು

ಕಲಬುರ್ಗಿ ಸೀಮೆಯ ಯಾವ ಶಾಲೆಯ ಹುಡುಗನನ್ನು ಕೇಳಿದರೂ ಹಸನ್ ಗಂಗುವಿನ ಕತೆ ಹೇಳುತ್ತಾನೆ. ದಿಲ್ಲಿಯಲ್ಲಿ ಗಂಗು ಎಂಬ ಬ್ರಾಹ್ಮಣ ಜ್ಯೋತಿಷಿ ಇದ್ದ. ಅವನ ಹೊಲ ಉಳುವ ಆಳು ಹಸನ್. ಉಳುವಾಗ ನೇಗಿಲಿಗೆ ಹೊನ್ನಿನ ಕೊಡ ಸಿಕ್ಕಿತು. ಹಸನ್ ಅದನ್ನು ಮುಟ್ಟದೆ ಒಡೆಯನಿಗೆ ಒಪ್ಪಿಸಿದ. ಮೆಚ್ಚಿದ ಬ್ರಾಹ್ಮಣ ಅವನ ಜಾತಕ ನೋಡಿ, ನೀನು ಅರಸನಾಗುತ್ತೀ, ಆದಾಗ ನನ್ನ ಹೆಸರು ಇಟ್ಟುಕೋ ಎಂದ. ಅದಕ್ಕೇ 'ಗಂಗು', ಅದಕ್ಕೇ 'ಬಹಮನಿ'. ಈ ಕತೆಯನ್ನು ಬರೆದಿಟ್ಟವನು ಫೆರಿಷ್ತಾ. ಬಿಜಾಪುರದ ಆದಿಲಶಾಹಿ ಆಶ್ರಯದಲ್ಲಿ, ಘಟನೆ ನಡೆದು ಎರಡೂವರೆ ಶತಮಾನ ಕಳೆದ ಮೇಲೆ. ಹಸನ್‌ನ ಕಾಲದಲ್ಲೇ, ಅವನ ಆಶ್ರಯದಲ್ಲೇ ಬರೆದ ಇಸಾಮಿಯಲ್ಲಿ ಇಂಥ ಬ್ರಾಹ್ಮಣನಿಲ್ಲ. ಅಲ್ಲಿ ಹಸನ್ ಇರಾನಿನ ಪುರಾಣದ ವೀರ ಇಸ್ಫಂದಿಯಾರನ ಮಗ ಬಹಮನನ ವಂಶದವನು.

ಈ ಎರಡು ವಂಶಾವಳಿಗಳಲ್ಲಿ ಯಾವುದನ್ನೂ ಇತಿಹಾಸಕಾರರು ನಂಬುವುದಿಲ್ಲ. ಆದರೆ ದಲಿತ ಓದಿಗೆ ಸುಳ್ಳೂ ಒಂದು ಆಕರವೇ. ಹೊಲ ಉಳುವ ಆಳೊಬ್ಬ ಸಿಂಹಾಸನ ಏರಿದ ಎಂಬ ಕತೆ ಕಟ್ಟುವಾಗಲೂ ಆ ಆಳಿನ ಬೆನ್ನ ಹಿಂದೆ ಒಬ್ಬ ಬ್ರಾಹ್ಮಣನನ್ನು ನಿಲ್ಲಿಸಬೇಕಾಯಿತು. ತುಂಗಭದ್ರೆಯ ದಂಡೆಯಲ್ಲಿ 1336ರಲ್ಲಿ ಹುಟ್ಟಿತೆನ್ನುವ ರಾಜ್ಯಕ್ಕೆ ವಿದ್ಯಾರಣ್ಯರು ಬೇಕಾದ ಹಾಗೆ, ಕಲಬುರ್ಗಿಯ ಸುಲ್ತಾನನಿಗೆ ಗಂಗು ಬೇಕಾದ. ಕೊಡ ಸಿಕ್ಕಿದ್ದು ಉಳುವವನಿಗೆ, ಭವಿಷ್ಯ ಮಾತ್ರ ಓದಬಲ್ಲವನ ಕೈಯಲ್ಲಿ. ಬ್ರಾಹ್ಮಣ ಬೇಡವೆಂದರೆ ಇರಾನಿನ ರಾಜರಕ್ತ ಬೇಕು. ಬರಿಯ ಆಳಾಗಿ ಯಾರೂ ಚರಿತ್ರೆಯೊಳಗೆ ಬರುವಂತಿಲ್ಲ.

ಈ ಕತೆಯ ನೆರಳಲ್ಲಿ ಇನ್ನೊಂದು, ಹೆಚ್ಚು ಗಂಭೀರವಾದ ಕತೆ ಪಠ್ಯಪುಸ್ತಕಗಳಲ್ಲಿ ಸಾಗಿಬಂದಿದೆ: ಹುಚ್ಚು ತುಘಲಕನ ದಬ್ಬಾಳಿಕೆಯ ವಿರುದ್ಧ ದಖ್ಖನ್ ಸಿಡಿದೆದ್ದಿತು, 1347ರ ಆಗಸ್ಟ್ 3ರಂದು ಹಸನ್ ಅಲಾವುದ್ದೀನ್ ಬಹಮನ್ ಶಾಹನಾಗಿ ಪಟ್ಟವೇರಿದ, ದಿಲ್ಲಿಯ ನೊಗ ಕಳಚಿತು. ಸಿಡಿದೆದ್ದ ಆ 'ದಖ್ಖನ್' ಯಾರು ಅನ್ನೋ ಪ್ರಶ್ನೆಯನ್ನು ನಾವು ಕೇಳಿಕೊಂಡಿಲ್ಲ. ಎದ್ದವರು ಇಲ್ಲಿ ಉತ್ತು ಬಿತ್ತುವವರಲ್ಲ, ಇಲ್ಲಿನ ಹಳೆಯ ಒಡೆಯರೂ ಅಲ್ಲ. ಎದ್ದವರು ದಿಲ್ಲಿಯಿಂದಲೇ ಬಂದವರು. ದಿಲ್ಲಿಯ ಹೆಸರಿನಲ್ಲಿ ಈ ನೆಲವನ್ನು ಗೆದ್ದು, ದಿಲ್ಲಿಯ ಹೆಸರಿನಲ್ಲಿ ಕಂದಾಯ ಎತ್ತಿ, ಇಲ್ಲೇ ಮನೆ ಕಟ್ಟಿಕೊಂಡು ಕೂತವರು. ಇಂದಿನ ಮಾತಿನಲ್ಲಿ ಹೇಳುವುದಾದರೆ ವಸಾಹತುಗಾರರು. ತಮ್ಮನ್ನು ಕಳಿಸಿದ ಸಾಮ್ರಾಜ್ಯದ ಮೇಲೆ ತಾವೇ ತಿರುಗಿಬಿದ್ದವರು. ಯಾಕೆ ತಿರುಗಿಬಿದ್ದರು, ಆ ತಿರುಗುವಿಕೆಯಲ್ಲಿ ನಮ್ಮವರ ಪಾಲು ಏನು ಎನ್ನುವುದೇ ಈ ಬರಹದ ಚಿಂತೆ.

ಭೂಗೋಳದಿಂದಲೇ ಶುರು ಮಾಡೋಣ. ವಾಡಿ ಜಂಕ್ಷನ್ನಿನಿಂದ ಒಂದು ದಿಕ್ಕಿಗೆ ಕಲಬುರ್ಗಿ ಕೋಟೆ. ಇನ್ನೊಂದು ದಿಕ್ಕಿಗೆ ಕಾಗಿಣಾ ದಂಡೆಯ ಮೇಲೆ ಸೇಡಂ ತಾಲ್ಲೂಕಿನ ಮಳಖೇಡದ ಕೋಟೆ. ಭೀಮೆ ದಾಟಿ ಹೋದರೆ ಶಹಾಪುರ ತಾಲ್ಲೂಕಿನ ಸಗರ. ಇವತ್ತು ಸಗರ ಒಂದು ದೊಡ್ಡ ಹಳ್ಳಿ ಅಷ್ಟೆ. 1326-27ರಲ್ಲಿ ಅದು ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಷಾಸ್ಪ್ ಅಧಿಕಾರ ನಡೆಸಿದ ಠಾಣೆ. ಅವನು ಅಲ್ಲಿಂದಲೇ ಬಂಡೆದ್ದ. ಸೋತು ಕಂಪಿಲಿಗೆ ಓಡಿದ. ಅವನಿಗೆ ಆಸರೆ ಕೊಟ್ಟ ತಪ್ಪಿಗೆ ಕಂಪಿಲಿ ನಾಶವಾಯಿತು. ದೋರಸಮುದ್ರದ ಮೂರನೆಯ ಬಲ್ಲಾಳ ಅವನನ್ನು ಹಿಡಿದು ಒಪ್ಪಿಸಿದ. ಸುಲ್ತಾನ ಅವನ ಚರ್ಮ ಸುಲಿಸಿದ. ಅದೇ 1327ರಲ್ಲಿ ಸುಲ್ತಾನ ದೇವಗಿರಿಗೆ ದೌಲತಾಬಾದ್ ಎಂದು ಹೆಸರಿಟ್ಟು, ದಿಲ್ಲಿಯ ಗಣ್ಯರನ್ನು, ಮೌಲ್ವಿಗಳನ್ನು, ಸೂಫಿಗಳನ್ನು ಅಲ್ಲಿಗೆ ಸಾಗಿಸಿದ. ದಿಲ್ಲಿಯಿಂದ ದೌಲತಾಬಾದಿಗೆ 40 ದಿನದ ದಾರಿ ಎಂದು ಇಬ್ನ್ ಬತೂತಾ ಲೆಕ್ಕ ಕೊಡುತ್ತಾನೆ.

ಹೀಗೆ ಬಂದವರಲ್ಲಿ 16 ವರ್ಷದ ಇಸಾಮಿಯೂ ಒಬ್ಬ. ಅವನ ಅಜ್ಜನಿಗೆ ಆಗ 90 ವರ್ಷ. ಮುದುಕ ದಿಲ್ಲಿ ಬಿಟ್ಟು ಮೊದಲ ಹಂತದಲ್ಲೇ, ತಿಲ್ಪತ್‌ನಲ್ಲಿ, ತೀರಿಕೊಂಡ. ಎರಡು ದಶಕದ ಮೇಲೆ, 1350ರಲ್ಲಿ, ಇಸಾಮಿ ಹೊಸ ಬಹಮನಿ ಸುಲ್ತಾನನ ಆಶ್ರಯದಲ್ಲಿ 'ಫುತೂಹ್-ಉಸ್-ಸಲಾತೀನ್' ಎಂಬ ದೊಡ್ಡ ಪಾರ್ಸಿ ಕಾವ್ಯ ಮುಗಿಸಿದ. ಅದರ ತುಂಬ ಮಹಮ್ಮದ್ ಬಿನ್ ತುಘಲಕನಿಗೆ ಶಾಪ. ಆ ಅಜ್ಜನ ಸಾವು ನಿಜ, ಆ ನೋವು ನಿಜ. ಎತ್ತಿ ಬಿಸಾಕಿದ ನೆಲದಲ್ಲಿ ಬೇರು ಬಿಟ್ಟವನ ಸಿಟ್ಟು ಅದು. ಕಲಬುರ್ಗಿಯ ಬಂದೇ ನವಾಜರೂ ಮಗುವಾಗಿದ್ದಾಗ ಇದೇ ವಲಸೆಯಲ್ಲಿ ದೌಲತಾಬಾದಿಗೆ ಬಂದವರು. ವಾಪಸು ದಿಲ್ಲಿಗೆ ಹೋಗಿ, ಮತ್ತೆ ಮುಪ್ಪಿನಲ್ಲಿ ದಖ್ಖನ್‌ಗೆ ಬಂದು 1422ರಲ್ಲಿ ಇಲ್ಲೇ ಮಣ್ಣಾದರು. ವಲಸೆಯ ನೋವನ್ನು ನಾವು ಹಗುರ ಮಾಡಬೇಕಾಗಿಲ್ಲ. ಆದರೆ ನೋವು ತಿಂದವರು ಮಾತ್ರ ಬಂಡಾಯ ಮಾಡುವುದಾದರೆ 1327ರಲ್ಲೇ ಆಗಬೇಕಿತ್ತು. 20 ವರ್ಷ ಯಾಕೆ ಬೇಕಾಯಿತು?

ಉತ್ತರ ಇರುವುದು ಕಂದಾಯದ ಕಡತದಲ್ಲಿ.

ದಖ್ಖನ್‌ನಲ್ಲಿ ದಿಲ್ಲಿಯ ಕೈಯಾಗಿ ದುಡಿದವರು 'ಅಮೀರಾನ್-ಎ-ಸದಾ'. ಸದಾ ಅಂದರೆ ನೂರು. ನೂರು ಹಳ್ಳಿಗೋ ನೂರು ಕುದುರೆಗೋ ಒಬ್ಬ ಅಮೀರ. ತುರ್ಕರು, ಆಫ್ಘನ್ನರು, ಹೊಸದಾಗಿ ಮುಸಲ್ಮಾನರಾದ ಮಂಗೋಲರು, ಹಿಂದುಸ್ಥಾನಿಗಳು ಎಲ್ಲ ಇದರಲ್ಲಿದ್ದರು. ಹಳ್ಳಿಯಿಂದ ಕಂದಾಯ ಎತ್ತುವವರೂ ಇವರೇ, ಕೊಡದ ಹಳ್ಳಿಗೆ ದಂಡು ಒಯ್ಯುವವರೂ ಇವರೇ. ಎತ್ತಿದ್ದರಲ್ಲಿ ದಿಲ್ಲಿಗೆ ಎಷ್ಟು, ತಮಗೆಷ್ಟು ಅನ್ನುವುದೇ ಜಗಳದ ಮೂಲ. ಬೀದರ್ ಸೀಮೆಯನ್ನು ನುಸ್ರತ್ ಖಾನ್ ಎಂಬುವನು ಮೂರು ವರ್ಷಕ್ಕೆ 1 ಕೋಟಿ ಟಂಕ ಕಟ್ಟುವ ಕರಾರಿನ ಮೇಲೆ ಗುತ್ತಿಗೆ ಹಿಡಿದಿದ್ದ. ಮೂರು ವರ್ಷ ಮುಗಿದರೂ ಅದರ ಕಾಲು ಮೂರರಷ್ಟು ಇರಲಿ, ಅರ್ಧವೂ ಕಟ್ಟಲಾಗಲಿಲ್ಲ. ಕೊನೆಗೆ ಬಂಡೆದ್ದ. ಅದರ ಹಿಂದೆಯೇ, 1339ರ ಸುಮಾರಿಗೆ, ಅಲಿ ಶಾಹ್ ಎಂಬ ನೂರರ ಅಮೀರನನ್ನು ಕಂದಾಯ ವಸೂಲಿಗೆ ಕಲಬುರ್ಗಿಗೆ ಕಳಿಸಿದರು. ಅವನು ಅಲ್ಲಿನ ಅಧಿಕಾರಿ ಭೀರಣ ಎಂಬ ಹಿಂದೂವನ್ನು ಮೋಸದಿಂದ ಕೊಂದು, ಖಜಾನೆ ದೋಚಿ, ಬೀದರನ್ನೂ ಹಿಡಿದ. ಇದನ್ನು ಮುಸಲ್ಮಾನರು ಹಿಂದೂವನ್ನು ಕೊಂದ ಕತೆಯಾಗಿ ಓದುವವರಿದ್ದಾರೆ, ನನಗೆ ಹಾಗೆ ಕಾಣುವುದಿಲ್ಲ. ವಸೂಲಿಯ ಒಂದು ಕೈ ಇನ್ನೊಂದು ಕೈಯನ್ನು ಕತ್ತರಿಸಿದ್ದು ಅದು. ಕಲಬುರ್ಗಿಯ ಖಜಾನೆಯಲ್ಲಿದ್ದ ಹಣ ಯಾವ ಹಳ್ಳಿಯ ಯಾವ ಕಣದಿಂದ ಬಂದಿತ್ತು ಎಂಬುದರ ಬಗ್ಗೆ ಭೀರಣನಿಗೂ ಅಲಿ ಶಾಹನಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಈ ಎರಡೂ ದಂಗೆಗಳನ್ನು ಅಡಗಿಸಿದವನು ದೌಲತಾಬಾದಿನ ಅಧಿಕಾರಿ ಕುತಲುಗ್ ಖಾನ್. ಅಮೀರರಿಗೆ ಅವನು ಬೇಕಾದವನು. ಅವನ ಕೈಕೆಳಗಿನವರು ನುಂಗಿ ನುಂಗಿ ದಖ್ಖನ್‌ನ ಆದಾಯ ಕೋಟಿಯಿಂದ ಲಕ್ಷಕ್ಕೆ ಇಳಿದಿದೆ ಎಂದು ದಿಲ್ಲಿಗೆ ದೂರು ಹೋಯಿತು. ಸುಲ್ತಾನ ಕುತಲುಗ್ ಖಾನನನ್ನು ವಾಪಸು ಕರೆಸಿಕೊಂಡ. ಸೀಮೆಯನ್ನು ನಾಲ್ಕು ಪಾಲು ಮಾಡಿ 6-7 ಕೋಟಿ ಟಂಕ ಎತ್ತಬೇಕೆಂದು ಗೊತ್ತುಮಾಡಿದ. ಮಾಳವದ ಧಾರಕ್ಕೆ ಅಜೀಜ್ ಖಮ್ಮಾರ್ ಎಂಬುವನನ್ನು ಕಳಿಸಿದ. ಎಲ್ಲ ದಂಗೆಯ ಬೇರು ಈ ನೂರರ ಅಮೀರರೇ ಎಂಬ ಸುಲ್ತಾನನ ಮಾತನ್ನು ಅಜೀಜ್ ಅಕ್ಷರಶಃ ಪಾಲಿಸಿದ. 80ಕ್ಕೂ ಹೆಚ್ಚು ಅಮೀರರನ್ನು ಕರೆಸಿ ಅರಮನೆಯ ಮುಂದೆ ತಲೆ ಕಡಿಸಿದ. ಸುಲ್ತಾನ ಅವನಿಗೆ ಗೌರವದ ನಿಲುವಂಗಿ ಕಳಿಸಿದ. ಸುದ್ದಿ ಗುಜರಾತಿಗೆ ಮುಟ್ಟಿ ಅಲ್ಲಿನ ಅಮೀರರು ಎದ್ದರು. ಅಜೀಜ್ ಅವರ ಕೈಗೆ ಸಿಕ್ಕು ಸತ್ತ. ಇತ್ತ ರಾಯಚೂರು, ಮುದಗಲ್, ಕಲಬುರ್ಗಿ, ಬಿಜಾಪುರದ ಅಮೀರರಿಗೆ ಸುಲ್ತಾನನ ಬಳಿಗೆ ಬರಬೇಕೆಂದು ಕರೆ ಹೋಯಿತು; 1500 ಸವಾರರ ಕಾವಲು ಬೇರೆ. ಹೊರಟು ಮೊದಲ ಹಂತ ದಾಟುವಷ್ಟರಲ್ಲಿ ಅವರಿಗೆ ಧಾರದ ನೆನಪಾಯಿತು. ಕಾವಲಿನವರ ಮೇಲೆ ಬಿದ್ದು ದೌಲತಾಬಾದಿಗೆ ತಿರುಗಿದರು. ಖಜಾನೆ ಹಂಚಿಕೊಂಡರು. ಇಸ್ಮಾಯಿಲ್ ಮುಖ್ ಎಂಬ ಆಫ್ಘನ್ನನನ್ನು ಸುಲ್ತಾನನೆಂದು ಸಾರಿದರು.

ಮಹಮ್ಮದ್ ಬಿನ್ ತುಘಲಕ್ ತಾನೇ ದಂಡೆತ್ತಿ ಬಂದು ಅವರನ್ನು ಸೋಲಿಸಿದ. ಬಂಡಾಯ ಅಲ್ಲಿಗೆ ಮುಗಿಯಬೇಕಿತ್ತು. ಆಗ ಗುಜರಾತಿನಲ್ಲಿ ತಘೀ ಎಂಬುವನು ಎದ್ದ ಸುದ್ದಿ ಬಂತು. ಸುಲ್ತಾನ ಅತ್ತ ಓಡಿದ. ಆ ಬಿಡುವಿನಲ್ಲಿ ಕಲಬುರ್ಗಿ ಕಡೆಗೆ ಸರಿದಿದ್ದ ಹಸನ್ ಬಲ ಕೂಡಿಸಿಕೊಂಡು ಬೀದರಿನ ಬಳಿ ದಿಲ್ಲಿಯ ದಂಡನ್ನು ಮುರಿದ. ತೆಲಂಗಾಣದ ಕಾಪಯ ನಾಯಕನ ನೆರವು ಅವನಿಗಿತ್ತು ಎಂದು ಫೆರಿಷ್ತಾ ಹೇಳುತ್ತಾನೆ. (ಮೂರು ವರ್ಷದಲ್ಲೇ, 1350ರಲ್ಲಿ, ಹಸನ್ ಇದೇ ಕಾಪಯನ ಕೌಲಾಸ್ ಕೋಟೆ ಕಿತ್ತುಕೊಂಡ. ದಿಲ್ಲಿ ವಿರುದ್ಧದ ಗೆಳೆತನದ ಆಯುಸ್ಸು ಅಷ್ಟೆ.) ಇಸ್ಮಾಯಿಲ್ ಮುಖ್ ಪಟ್ಟ ಬಿಟ್ಟುಕೊಟ್ಟ. ಕಲಬುರ್ಗಿ ರಾಜಧಾನಿಯಾಯಿತು. ಸಗರ, ಮಳಖೇಡ ಎಲ್ಲ ಅದರ ಕೆಳಗೆ ಬಂದವು.

ಇಲ್ಲಿ ನಿಂತು ನೋಡಿದರೆ ವಸಾಹತುಗಾರನ ಮನಸ್ಸು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಸಾಮ್ರಾಜ್ಯ ಆಳಿಸಿಕೊಳ್ಳುವವರ ಮೇಲೆ ಕ್ರೂರವಾಗಿದೆ ಅಂತ ಅವನು ತಿರುಗಿಬೀಳುವುದಿಲ್ಲ. ಆ ಕ್ರೌರ್ಯ ಅವನ ಕೈಯಿಂದಲೇ ನಡೆಯುವುದು. ಆಳಿಸಿಕೊಳ್ಳುವವರನ್ನು ತಾನು ಹೇಗೆ ನಡೆಸಿಕೊಳ್ಳುತ್ತಾನೋ ಹಾಗೆ ಸಾಮ್ರಾಜ್ಯ ತನ್ನನ್ನೂ ನಡೆಸಿಕೊಳ್ಳಲು ಶುರುಮಾಡಿದಾಗ ತಿರುಗಿಬೀಳುತ್ತಾನೆ. ಲೆಕ್ಕ ಕೇಳಿದರೆ, ಕರೆದಲ್ಲಿಗೆ ಬಾ ಎಂದರೆ, ವಿಚಾರಣೆ ಇಲ್ಲದೆ ಕಡಿದರೆ. ಹಳ್ಳಿಗೆ ಇದೆಲ್ಲ ದಿನದ ಅನುಭವ. ಅಮೀರನಿಗೆ ಮಾತ್ರ ಅದು ಸಹಿಸಲಾಗದ ಅನ್ಯಾಯ. ಇದರ ಜೊತೆಗೆ ರಕ್ಷಣೆಯ ಲೆಕ್ಕವೂ ಇದೆ. ಮಧುರೆ ಆಗಲೇ ಕೈಬಿಟ್ಟಿತ್ತು, ವಾರಂಗಲ್ ಹೋಗಿತ್ತು, ತುಂಗಭದ್ರೆಯ ಆಚೆ ಹೊಸ ರಾಜ್ಯ ಎದ್ದಿತ್ತು. 40 ದಿನದ ದಾರಿಯಲ್ಲಿ ಕೂತ ಸುಲ್ತಾನ ಕಾಪಾಡಲಾರ, ಆದರೆ ಕೊಲ್ಲಬಲ್ಲ ಎಂದಾದ ಮೇಲೆ ಅವನಿಗೆ ಕೊಡುವ ಕೋಟಿಗಳು ಯಾತಕ್ಕೆ?

ಇದು ಬರೀ ನಮ್ಮ ಸೀಮೆಯ ಕತೆಯಲ್ಲ. ಲೋಕ ಕೊಂಡಾಡುವ ಅಮೆರಿಕದ ಸ್ವಾತಂತ್ರ್ಯ ಯುದ್ಧವನ್ನೇ ತೆಗೆದುಕೊಳ್ಳಿ. 1763ರಲ್ಲಿ ಫ್ರೆಂಚರ ಭಯ ತೀರಿತು. ಅದೇ ವರ್ಷ ಇಂಗ್ಲೆಂಡಿನ ದೊರೆ ಅಪಲೇಚಿಯನ್ ಬೆಟ್ಟದ ಆಚೆ, ಮೂಲನಿವಾಸಿಗಳ ನೆಲಕ್ಕೆ, ನೀವು ಹೋಗಿ ನೆಲೆಸಕೂಡದು ಎಂದು ಆಜ್ಞೆ ಹೊರಡಿಸಿದ. 1765ರಲ್ಲಿ ಸ್ಟ್ಯಾಂಪ್ ತೆರಿಗೆ ಬಂತು. ತೆರಿಗೆ ಕಟ್ಟಬೇಕಾಗಿ ಬಂದ ತೋಟದ ಒಡೆಯರು ನಮ್ಮನ್ನು ಗುಲಾಮರನ್ನಾಗಿ ಮಾಡುತ್ತಿದ್ದಾರೆ ಎಂದು ಕೂಗಿದರು. ಅವರ ತೋಟದಲ್ಲಿ ನಿಜವಾದ ಗುಲಾಮರು ಹೊಗೆಸೊಪ್ಪು ಬೆಳೆಯುತ್ತಿದ್ದರು. 1775ರ ನವೆಂಬರಿನಲ್ಲಿ ವರ್ಜೀನಿಯಾದ ಇಂಗ್ಲಿಷ್ ಗವರ್ನರ್ ಡನ್‌ಮೋರ್, ಬಂಡುಕೋರರ ಗುಲಾಮರು ದೊರೆಯ ಪಕ್ಷ ಸೇರಿದರೆ ಅವರಿಗೆ ಬಿಡುಗಡೆ ಎಂದು ಸಾರಿದ. ಗುಲಾಮರ ಮೇಲಿನ ಪ್ರೀತಿಯಿಂದಲ್ಲ, ಯುದ್ಧದ ತಂತ್ರವಾಗಿ. ಆದರೂ ಸಾವಿರಾರು ಜನ ಕರಿಯರು ಒಡೆಯರನ್ನು ಬಿಟ್ಟು ದೂರದ ದೊರೆಯ ಕಡೆಗೆ ಓಡಿದರು. ಮರುವರ್ಷದ ಸ್ವಾತಂತ್ರ್ಯ ಘೋಷಣೆಯ ದೂರುಗಳ ಪಟ್ಟಿಯಲ್ಲಿ, ದೊರೆ ನಮ್ಮ ಮನೆಯೊಳಗೇ ದಂಗೆ ಎಬ್ಬಿಸುತ್ತಿದ್ದಾನೆ ಎಂಬ ದೂರೂ ಸೇರಿಕೊಂಡಿತು. ಮನೆಯೊಳಗೆ ದಂಗೆ ಏಳುವವರು ಯಾರು ಅನ್ನೋದನ್ನ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂ ಹತ್ತಿರದ, ಇನ್ನೂ ನಾಚಿಕೆಗೇಡಿನ ಉದಾಹರಣೆ ರೊಡೇಷಿಯಾ. 1965ರ ನವೆಂಬರ್ 11ರಂದು ಇಯಾನ್ ಸ್ಮಿತ್‌ನ ಬಿಳಿಯರ ಸರಕಾರ ಬ್ರಿಟನ್ನಿನಿಂದ ತಾನಾಗಿ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಬ್ರಿಟನ್ ಕೇಳಿದ್ದು ಒಂದೇ: ಸ್ವಾತಂತ್ರ್ಯಕ್ಕೆ ಮೊದಲು ಕರಿಯ ಬಹುಸಂಖ್ಯಾತರಿಗೆ ಅಧಿಕಾರದ ದಾರಿ ತೆರೆಯಿರಿ. ಅದನ್ನು ಕೊಡದಿರುವುದಕ್ಕಾಗಿಯೇ ಅವರು ಸಾಮ್ರಾಜ್ಯದ ವಿರುದ್ಧ 'ಬಂಡಾಯಗಾರ'ರಾದರು. ಬಂಡಾಯ ಎಂಬ ಪದ ಕಿವಿಗೆ ಬಿದ್ದೊಡನೆ ರೋಮಾಂಚನಗೊಳ್ಳುವ ನಮ್ಮ ಸಾಹಿತ್ಯದ ಅಭ್ಯಾಸ ಇಲ್ಲಿ ತುಸು ತಡೆದು ನಿಲ್ಲಬೇಕು.

ಮತ್ತೆ ದಖ್ಖನ್‌ಗೆ ಬರೋಣ. ಈ ಬಂಡಾಯವನ್ನು ನಮಗೆ ಹೇಳುವ ದೊಡ್ಡ ಸಾಕ್ಷಿಗಳು ಇಬ್ಬರು. ಇಸಾಮಿ ಗೆದ್ದ ವಸಾಹತುಗಾರರ ಕವಿ. ಇನ್ನೊಬ್ಬ ಜಿಯಾವುದ್ದೀನ್ ಬರನಿ, 17 ವರ್ಷ ಸುಲ್ತಾನನ ಒಡನಾಡಿಯಾಗಿದ್ದವನು, 1357ರಲ್ಲಿ 'ತಾರೀಖ್-ಎ-ಫಿರೂಜ್ ಶಾಹಿ' ಮುಗಿಸಿದವನು. ಬರನಿಗೆ ಬಂಡುಕೋರರ ಮೇಲೆ ಪ್ರೀತಿಯಿಲ್ಲ. ಆದರೆ ಸುಲ್ತಾನ ಎಲ್ಲಿ ಕೆಟ್ಟ ಎಂದು ಹೇಳುವಾಗ ಅವನ ಬೆರಳು ಹೋಗುವುದು ಒಂದೇ ಕಡೆಗೆ: ಸುಲ್ತಾನ ಕೀಳುಕುಲದವರನ್ನು ಮೇಲೆ ತಂದ. ಹೆಸರುಗಳ ಪಟ್ಟಿಯನ್ನೇ ಕೊಡುತ್ತಾನೆ. ಹಾಡುಗಾರರ ಮನೆಯವನು, ಹಜಾಮ, ಅಡುಗೆಯವನು, ತೋಟದ ಮಾಲಿ. ಅಜೀಜ್ ಖಮ್ಮಾರ್ ಎಂದರೆ ಸಾರಾಯಿ ಮಾರುವವರ ಅಜೀಜ್. ನಮ್ಮ ಕಡೆಯ ಮಾತಿನಲ್ಲಿ ಕಲಾಲ. ತಘೀಯನ್ನು ಅವನು ಕರೆಯುವುದು ಚಮ್ಮಾರ ಎಂದು, ಯಾರದೋ ಗುಲಾಮ ಎಂದು. ಬರನಿಯೇ ಬರೆದ 'ಫತಾವಾ-ಎ-ಜಹಾಂದಾರಿ'ಯಲ್ಲಿ ಈ ಅಸಹ್ಯ ಸಿದ್ಧಾಂತವಾಗಿ ನಿಲ್ಲುತ್ತದೆ: ಕೀಳುಕುಲದವರಿಗೆ ಅಕ್ಷರ ಕಲಿಸಬಾರದು, ಕಲಿತರೆ ರಾಜ್ಯ ಕೆಡುತ್ತದೆ. ಶಂಬೂಕನ ಕತೆ ಬಲ್ಲ ನಮಗೆ ಇದು ಪಾರ್ಸಿಯಲ್ಲಿದ್ದರೂ ಅನುವಾದ ಬೇಕಾಗುವುದಿಲ್ಲ.

ಈಗ ಆ ಎಳೆಗಳನ್ನು ಕೂಡಿಸಿ ನೋಡಿ. ಬರನಿಯ ಮಾತು ನಂಬುವುದಾದರೆ ಬಂಡಾಯಕ್ಕೆ ಕಿಡಿ ಹಚ್ಚಿದವನು ಒಬ್ಬ ಕಲಾಲ. ಆ ಬಂಡಾಯ ಸೋತು ಮಲಗಿದ್ದಾಗ ಸುಲ್ತಾನನನ್ನು ದಖ್ಖನ್ನಿನಿಂದ ಎಳೆದುಕೊಂಡು ಹೋಗಿ ಅದನ್ನು ಬದುಕಿಸಿದವನು ಒಬ್ಬ ಚಮ್ಮಾರ. ತಘೀಯ ಬೆನ್ನು ಹತ್ತಿಯೇ ಸುಲ್ತಾನ ಸಿಂಧದ ಥಟ್ಟಾದವರೆಗೆ ಹೋದ, 1351ರ ಮಾರ್ಚಿನಲ್ಲಿ ಅಲ್ಲೇ ಜ್ವರದಿಂದ ಸತ್ತ. ಬಹಮನಿ ರಾಜ್ಯ ಉಳಿದದ್ದು ಇರಾನಿನ ಬಹಮನನ ರಕ್ತದಿಂದಲೂ ಅಲ್ಲ, ಗಂಗುವಿನ ಜಾತಕದಿಂದಲೂ ಅಲ್ಲ. ತಘೀ ನಿಜಕ್ಕೂ ಚಪ್ಪಲಿ ಹೊಲಿಯುವವರ ಮನೆಯವನೋ ಅಥವಾ ಅದು ಬರನಿಯ ಬೈಗುಳವೋ, ಎರಡೂ ನಮಗೆ ಮುಖ್ಯವೇ. ಬೈಗುಳವಾದರೆ, ಒಬ್ಬ ಬಂಡುಕೋರನನ್ನು ಅಳಿಸಿಹಾಕಲು ಅವನ ಕೈಗೆ ಚರ್ಮ ಕೊಟ್ಟರೆ ಸಾಕಿತ್ತು ಎಂಬುದು 14ನೆಯ ಶತಮಾನದ ದಿಲ್ಲಿಯ ಬಗ್ಗೆ ಒಂದು ಸಾಕ್ಷ್ಯ. ಮೇಲುಕುಲದ ಅಮೀರರು ಎದ್ದರೆ ಅದಕ್ಕೆ ರಾಜಕೀಯ ಕಾರಣಗಳಿರುತ್ತವೆ. ಚಮ್ಮಾರ ಎದ್ದರೆ ಅದು ಅವನ ಹುಟ್ಟಿನ ಗುಣ.

ಈ ವಿಷ ಎಷ್ಟು ದೂರ ಹರಿದಿದೆ ಅಂದರೆ ನಮ್ಮ ಕನ್ನಡದ ಹೆಮ್ಮೆಯ ನಾಟಕದವರೆಗೂ. ಗಿರೀಶ ಕಾರ್ನಾಡರ 'ತುಘಲಕ್' (1964) ನಾಟಕದಲ್ಲಿ ಬರನಿ ಒಂದು ಪಾತ್ರ. ಸಂಭಾವಿತ, ನೊಂದ ಸಾಕ್ಷಿ. ಅದೇ ನಾಟಕದ ಅಜೀಜ್ ಒಬ್ಬ ಅಗಸ. ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ನ್ಯಾಯದಿಂದ ಲಾಭ ಪಡೆಯುತ್ತಾನೆ, ಕೊಲೆ ಮಾಡುತ್ತಾನೆ, ಕೊನೆಗೆ ಸುಲ್ತಾನನಿಂದಲೇ ದಖ್ಖನ್‌ನಲ್ಲಿ ಹುದ್ದೆ ಗಿಟ್ಟಿಸುತ್ತಾನೆ. ಹೆಸರು ಕೂಡ ಅಜೀಜ್ ಆಗಿರುವುದು ಕಾಕತಾಳೀಯ ಅಂತ ನಾನು ನಂಬಲಾರೆ. ಕಾರ್ನಾಡರು ಬರನಿಯಂತೆ ಕೀಳುಕುಲದವರನ್ನು ದ್ವೇಷಿಸುವವರಲ್ಲ. ಅವರ ಅಜೀಜ್ ಸುಲ್ತಾನನಿಗೆ ಹಿಡಿದ ಕನ್ನಡಿ, ನಾಟಕದ ಅತ್ಯಂತ ಜೀವಂತ ಪಾತ್ರವೂ ಹೌದು. ಆದರೂ ಆದರ್ಶ ಹಾಳಾದದ್ದನ್ನು ತೋರಿಸಲು ರಂಗಕ್ಕೆ ಬರಬೇಕಾದದ್ದು ಮೇಲೇರಿದ ಒಬ್ಬ ಅಗಸನೇ? ನೂರಾರು ವಿಮರ್ಶೆ ಬಂದಿರುವ ಈ ನಾಟಕದ ಬಗ್ಗೆ ಈ ಪ್ರಶ್ನೆ ಕೇಳುವುದು ದಲಿತ ವಿಮರ್ಶೆಯ ಕೆಲಸ. ಹಾಗಂತ ತುಘಲಕನನ್ನು ಕೆಳಜಾತಿಗಳ ಬಂಧು ಮಾಡಿಕೊಳ್ಳುವುದೂ ಬೇಡ. ಗಂಗಾ-ಯಮುನೆಯ ನಡುವಿನ ಸೀಮೆಯಲ್ಲಿ ಕಂದಾಯ ಏರಿಸಿ ರೈತರನ್ನು ಕಾಡುಪಾಲು ಮಾಡಿದವನೂ ಅವನೇ. ಹಜಾಮನನ್ನು ಅಧಿಕಾರಿ ಮಾಡಿದ್ದು ಹಜಾಮರ ಉದ್ಧಾರಕ್ಕಲ್ಲ. ಬೆನ್ನ ಹಿಂದೆ ಕುಲಬಲ ಇಲ್ಲದವನು ತನಗೊಬ್ಬನಿಗೇ ನಿಷ್ಠನಾಗಿರುತ್ತಾನೆ ಅನ್ನೋ ಲೆಕ್ಕಾಚಾರಕ್ಕೆ.

ತರಗತಿಯಲ್ಲಿ ಇದನ್ನೆಲ್ಲ ಹೇಳಿದಾಗ ಹಿಂದಿನ ಬೆಂಚಿನ ಹುಡುಗರು ಕೇಳುವ ಪ್ರಶ್ನೆ ಒಂದೇ: "ಸರ್, ಹಂಗಾದ್ರ ಊರಾಗಿನ ಮಂದಿ ಆಗ ಏನ್ ಮಾಡ್ಲಿಕತ್ತಿದ್ರು?" ಬರನಿಯಲ್ಲಿ ಉತ್ತರ ಇಲ್ಲ, ಇಸಾಮಿಯಲ್ಲಿ ಇಲ್ಲ. ಆದರೆ ಬೇರೆ ಕಡೆ ಇದೆ. ಬೀದರಿನಲ್ಲಿ ನುಸ್ರತ್ ಖಾನ್ 1 ಕೋಟಿಯ ಲೆಕ್ಕ ತಪ್ಪಿಸಿಕೊಳ್ಳುತ್ತಿದ್ದ ಅದೇ ಕಾಲದಲ್ಲಿ, ಭೀಮೆಯ ಮೇಲುದಂಡೆಯ ಸೀಮೆಯಲ್ಲಿ, ಬಿಜ್ಜಳನ ಹಳೆಯ ಊರು ಮಂಗಳವೇಡೆಯಲ್ಲಿ, ಒಂದು ಗೋಡೆ ಕಟ್ಟುತ್ತಿದ್ದರು. ಕಟ್ಟಲು ಮಹಾರರನ್ನು ಬಿಟ್ಟಿಗೆ ಹಿಡಿದುಕೊಂಡು ಹೋಗಿದ್ದರು. ಗೋಡೆ ಕುಸಿಯಿತು. ಅದರಡಿ ಸತ್ತವರಲ್ಲಿ ಒಬ್ಬ ಚೋಖಾಮೇಳ, ಪಂಢರಪುರದ ವಿಠಲನ ಗುಡಿಯೊಳಗೆ ಬಿಡದ ಮಹಾರ ಸಂತಕವಿ. ವಾರಕರಿ ಪರಂಪರೆ ಆ ವರ್ಷವನ್ನು 1338 ಎಂದು ನೆನಪಿಟ್ಟುಕೊಂಡಿದೆ. ಕಲ್ಲಿನಡಿಯಿಂದ ಮೂಳೆ ಆರಿಸಿ ತಂದ ನಾಮದೇವ ಅದನ್ನು ಗುಡಿಯ ಮೆಟ್ಟಿಲ ಹೊರಗೆ ಹೂಳಿದನಂತೆ. ಸತ್ತ ಮೇಲೂ ಒಳಗೆ ಜಾಗವಿಲ್ಲ. ಊರಿನ ಮಂದಿ ಆಗ ಏನು ಮಾಡುತ್ತಿದ್ದರು ಅನ್ನುವುದಕ್ಕೆ ಇದು ಉತ್ತರ: ಬಿಟ್ಟಿಯಲ್ಲಿ ಗೋಡೆ ಕಟ್ಟುತ್ತಿದ್ದರು. 1338ರಲ್ಲಿ ಆ ಗೋಡೆ ದಿಲ್ಲಿಯದೆನ್ನಿ. 1347ರ ನಂತರ ಅದು ಕಲಬುರ್ಗಿಯದಾಯಿತು. ಬಿಟ್ಟಿಗೆ ಬಂದು ಕೂಗುವವನು ಎರಡೂ ಕಾಲದಲ್ಲಿ ಅದೇ ಊರಿನವನು.

ಸ್ವತಂತ್ರ ದಖ್ಖನ್ ಕೊನೆಗೆ ಅಸ್ಪೃಶ್ಯರಿಗೆ ಕೊಟ್ಟಿದ್ದೇನು? ಮಹಾರರಲ್ಲಿ ಒಂದು ನೆನಪಿದೆ. ಬೀದರಿನ ಬಾದಶಹ ಅಮೃತನಾಕ ಎಂಬ ಮಹಾರನ ಸೇವೆಗೆ ಮೆಚ್ಚಿ ಅವನ ಕುಲಕ್ಕೆ 52 ಹಕ್ಕು ಬರೆದುಕೊಟ್ಟನಂತೆ. ರಾಜಮನೆತನದ ಹೆಣ್ಣನ್ನು ಬಿಡಿಸಿ ತರಲು ಹೊರಡುವ ಮೊದಲು, ನಾಳೆ ಸಂಶಯ ಬಾರದಿರಲಿ ಅಂತ ಅಮೃತನಾಕ ತನ್ನ ಗಂಡಸುತನವನ್ನೇ ಕತ್ತರಿಸಿ ಡಬ್ಬಿಯಲ್ಲಿಟ್ಟು ಬಾದಶಹನಿಗೆ ಕೊಟ್ಟು ಹೋದ ಎಂದು ಕತೆ. ಮುಟ್ಟಬಾರದವನ ನಿಷ್ಠೆ ನಂಬಿಸಲು ತೆರಬೇಕಾದ ಬೆಲೆ ಅದು. ಪಡೆದ 52 ಹಕ್ಕುಗಳಲ್ಲಿ ಸತ್ತ ದನ ಇದೆ, ಹೆಣದ ಮೇಲಿನ ಬಟ್ಟೆ ಇದೆ, ಕಣದಲ್ಲಿ ಒಂದಿಷ್ಟು ಕಾಳು ಇದೆ. ನಮ್ಮ ಕಡೆಯ ಹೊಲೆಯರ ಕುಳವಾಡಿಕೆಯೂ, ಮಾದಿಗರ ಚರ್ಮದ ಹಕ್ಕೂ ಇದೇ ಜಾತಿಯವು. ಹಕ್ಕು ಅನ್ನುವ ಹೆಸರಿನ ಸಂಕೋಲೆ. ಈ ಮಹಾರ ವತನವನ್ನು ಮುರಿಯಬೇಕೆಂದು ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದದ್ದು 1928ರಲ್ಲಿ. ನಮ್ಮ ರಾಜ್ಯದಲ್ಲಿ ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಮಾಡುವ ಕಾಯ್ದೆ ಆದದ್ದು 1961ರಲ್ಲಿ. ತುಘಲಕರು, ಬಹಮನಿಗಳು, ಬರೀದರು, ಮೊಗಲರು, ನಿಜಾಮರು ಒಬ್ಬರಿಂದ ಒಬ್ಬರು 'ಬಿಡುಗಡೆ' ಪಡೆಯುತ್ತಾ ಹೋದ ಆ ಆರು ಶತಮಾನಗಳಲ್ಲಿ ಈ ಒಂದು ಕಟ್ಟು ಮಾತ್ರ ಬಿಚ್ಚಲಿಲ್ಲ.

ಅದಕ್ಕೇ ದೂರ ಮತ್ತು ಹತ್ತಿರ ಅನ್ನೋ ಅಳತೆ ಕೆಳಗಿನವನಿಗೆ ಬೇರೆ. ಅಮೀರನಿಗೆ ದಿಲ್ಲಿ ದೂರವಾದದ್ದೇ ಸಮಸ್ಯೆ. ಹೊಲೆಗೇರಿಗೆ ದಿಲ್ಲಿಯೂ ದೂರ, ದೌಲತಾಬಾದೂ ದೂರ, ಕಲಬುರ್ಗಿಯೂ ದೂರ. ಹತ್ತಿರ ಇರುವವನು ಗೌಡ, ಕುಲಕರ್ಣಿ, ದೇಶಮುಖ. ಹತ್ತಿರದ ಧಣಿಯ ಮೇಲೆ ಒತ್ತಡ ಹಾಕಬಲ್ಲವನು ದೂರದ ದೊರೆಯೇ ಆಗಿದ್ದರೆ ಅವನ ಕಡೆ ವಾಲುವುದು ದ್ರೋಹವಲ್ಲ, ಲೆಕ್ಕ. ಡನ್‌ಮೋರ್‌ನ ಬಳಿಗೆ ಓಡಿದ ಗುಲಾಮ ಮಾಡಿದ್ದು ಈ ಲೆಕ್ಕ. 1818ರ ಜನವರಿ 1ರಂದು ಕೋರೆಗಾಂವದಲ್ಲಿ ಕಂಪನಿಯ ಪಡೆಯಲ್ಲಿ ನಿಂತು ಪೇಶ್ವೆಯ ದಂಡನ್ನು ಎದುರಿಸಿದ ಮಹಾರ ಸಿಪಾಯಿ ಮಾಡಿದ್ದೂ ಇದೇ ಲೆಕ್ಕ. ದೇಶ ಬಿಡುಗಡೆಯಾದರೆ ಅಸ್ಪೃಶ್ಯನೂ ಬಿಡುಗಡೆಯಾಗುತ್ತಾನೆಯೇ ಎಂದು ಅಂಬೇಡ್ಕರ್ 1945ರ ತಮ್ಮ ಪುಸ್ತಕದಲ್ಲಿ, ಕಾಂಗ್ರೆಸ್ಸನ್ನು ಕೊಂಡಾಡುತ್ತಿದ್ದ ವಿದೇಶಿಯರನ್ನು ಕೇಳಿದ್ದು ಇದರ ಮುಂದುವರಿಕೆ. ಆದರೆ ದೂರದ ದೊರೆಯೂ ಈ ಲೆಕ್ಕವನ್ನು ಬಲ್ಲ. ಬೇಕಾದಾಗ ಕರೆಯುತ್ತಾನೆ, ಬೇಡವಾದಾಗ ಕೈಬಿಡುತ್ತಾನೆ. ಅದೇ ಕಂಪನಿಯ ವಾರಸುದಾರರು ಮುಂದೆ ಮಹಾರರಿಗೆ ಸೇನೆಯ ಬಾಗಿಲು ಮುಚ್ಚಿದರು.

ನಮ್ಮ ಸೀಮೆಯಲ್ಲಿ ಈ ಲೆಕ್ಕ ಅತ್ಯಂತ ಕಷ್ಟದ್ದಾದದ್ದು 1947-48ರಲ್ಲಿ. ಹೈದರಾಬಾದ್ ರಾಜ್ಯವೇ ಇನ್ನೊಂದು ಅಂಥ ತಿರುಗುವಿಕೆಯ ಕೂಸು. ಮೊಗಲರ ಪರವಾಗಿ ದಖ್ಖನ್ ಆಳಲು ಬಂದ ನಿಜಾಮ್-ಉಲ್-ಮುಲ್ಕ್, 1724ರಲ್ಲಿ ಶಕ್ಕರಖೇಡದ ಯುದ್ಧದಲ್ಲಿ ಮುಬಾರಿಜ್ ಖಾನನನ್ನು ಕೊಂದು ತಾನೇ ತಾನಾದ. ಅವನು ಹಸನ್‌ಗಿಂತ ಜಾಣ. ಬಂಡಾಯ ಅನ್ನಲೇ ಇಲ್ಲ. ಬಾದಶಹನ ಹೆಸರಿನಲ್ಲೇ ನಾಣ್ಯ ಹೊಡೆಸುತ್ತ ಕಂದಾಯ ಮಾತ್ರ ತಾನಿಟ್ಟುಕೊಂಡ. ಅವನ ವಂಶದ ಕೊನೆಯ ಅರಸ 1947ರಲ್ಲಿ ದಿಲ್ಲಿಗೆ ಸೇರುವುದಿಲ್ಲ ಎಂದಾಗ ಸಂಸ್ಥಾನದ ದಲಿತ ನಾಯಕತ್ವ ಇಬ್ಭಾಗವಾಯಿತು. ಬಿ.ಎಸ್. ವೆಂಕಟರಾವ್ ನಿಜಾಮನ ಲಾಯಕ್ ಅಲಿ ಸರಕಾರದಲ್ಲಿ ಸಚಿವರಾದರು. ಶ್ಯಾಮಸುಂದರ್ 1948ರಲ್ಲಿ ಹೈದರಾಬಾದಿನ ಪರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋದ ನಿಯೋಗದ ಸದಸ್ಯರಾಗಿ ಪ್ಯಾರಿಸ್ಸಿಗೆ ಹೋದರು. ದಿಲ್ಲಿಯ ಸಂಪುಟದಲ್ಲಿದ್ದ ಅಂಬೇಡ್ಕರ್ 1947ರ ಕೊನೆಯಲ್ಲೇ, ಹೈದರಾಬಾದಿನ ಪರಿಶಿಷ್ಟರು ನಿಜಾಮನ ಪಕ್ಷ ವಹಿಸಬಾರದು ಎಂದು ಹೇಳಿಕೆ ಕೊಟ್ಟಿದ್ದರು. ಶ್ಯಾಮಸುಂದರರನ್ನು ರಾಷ್ಟ್ರದ್ರೋಹಿ ಎಂದು ಬರೆದು ಕೈತೊಳೆದುಕೊಂಡವರಿದ್ದಾರೆ. ಅವರ ಆಯ್ಕೆ ಸರಿಯಿತ್ತು ಅಂತ ನಾನು ಹೇಳಲಾರೆ. ರಜಾಕಾರರ ಕಾಲದ ಹಳ್ಳಿಗಳ ಅನುಭವ ಅದನ್ನು ಹೇಳಗೊಡುವುದಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ತಪ್ಪಿರಲಿಲ್ಲ: ನಿಜಾಮ ಹೋದರೆ ಬರುವವರು ಯಾರು, ಹಳ್ಳಿಯಲ್ಲಿ ಯಾರ ಕೈ ಮೇಲಾಗುತ್ತದೆ?

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆಯಿತು. ಅದರ ಹಿಂದೆಯೇ ನಡೆದ ಕೊಲೆಗಳಲ್ಲಿ ಸತ್ತವರು 27,000ದಿಂದ 40,000 ಎಂದು ಸರಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಮುಸಲ್ಮಾನರು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಒಂದು, ಬೀದರ್ ಇನ್ನೊಂದು. ಸೆಪ್ಟೆಂಬರ್ 17ಕ್ಕೆ ಬಾವುಟ ಏರಿಸುವಾಗ ಈ ಅಂಕಿಗಳನ್ನು ಯಾರೂ ಓದುವುದಿಲ್ಲ. ಜಾಗೀರುಗಳು ಹೋದವು. ಗೌಡರು, ದೇಶಮುಖರು ಖಾದಿ ತೊಟ್ಟರು. ಶ್ಯಾಮಸುಂದರ್ 1957ರಲ್ಲಿ ಭಾಲ್ಕಿಯಿಂದ ಗೆದ್ದು ಶಾಸಕರಾದರು. ನಿಜಾಮ ಹೋಗಿ 20 ವರ್ಷ ಕಳೆದಿತ್ತು, ದಿಲ್ಲಿಯಲ್ಲೂ ಬೆಂಗಳೂರಿನಲ್ಲೂ ನಮ್ಮದೇ ಸರಕಾರಗಳಿದ್ದವು. ಆದರೂ 1968ರಲ್ಲಿ ದಲಿತರ ರಕ್ಷಣೆಗೆ ದಲಿತರದೇ ಒಂದು ಪಡೆ ಬೇಕೆಂದು ಅವರು ಭೀಮಸೇನೆ ಕಟ್ಟಿದರು. ಕಟ್ಟಿದ್ದು ಇದೇ ಕಲಬುರ್ಗಿಯಲ್ಲಿ.